ನೂರಹದಿನೇಳನೆಯ ಪೆಟ್ಟಿಗೆ

2004ನೇ ಇಸವಿ ಜುಲೈ 20, ಮಂಗಳವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಸಕಲೇಶಪುರ ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿದ ಲಾರಿ ಡ್ರೈವರ್ ಯಲ್ಲಪ್ಪ ಅಡಿಯಿಂದ ಮುಡಿಯವರೆಗೂ ನೆನೆದಿದ್ದ. ಮಾರನಹಳ್ಳಿಯಿಂದ ಹಾಲಿನ ವ್ಯಾನಿನಲ್ಲಿ ನಿಂತುಕೊಂಡೇ ಬಂದವನು. ಸೆಂಟ್ರಿ ಏನು ಕೇಳಿದರೂ ಘಾಟಿಯ ಕಡೆಗೇ ಕೈ ತೋರಿಸುತ್ತಿದ್ದ. ಒಳಗಿನ ಕೋಣೆಯಿಂದ ಸರ್ಕಲ್ ಇನ್ಸ್‌ಪೆಕ್ಟರ್ ಧರ್ಮಪ್ಪ ತಾವೇ ಎದ್ದು ಬಂದರು.

“ಆಕ್ಸಿಡೆಂಟಾ?” ಎಂದರು. ಮಳೆಗಾಲದಲ್ಲಿ ಘಾಟಿಯ ಕಡೆಯಿಂದ ಬರುವವರು ತರುವುದು ಸಾಮಾನ್ಯವಾಗಿ ಅದೇ ಸುದ್ದಿ.

“ಅಲ್ಲ ಸಾ. ನನ್ನ ಲೋಡಿನೊಳಗೆ ಒಬ್ಬ ಸತ್ತು ಬಿದ್ದವ್ನೆ.”

ಯಲ್ಲಪ್ಪನ ಟ್ರೈಲರಿನ ಮೇಲಿದ್ದದ್ದು ನಾಲ್ಕು ಉಕ್ಕಿನ ಪೆಟ್ಟಿಗೆಗಳು. ಆಲೂರಿನ ಹೊರಗಿರುವ ತುಂಬೆಹೊಳೆ ಎಂಜಿನಿಯರಿಂಗ್ ಎಂಬ ಶೆಡ್ಡಿನಲ್ಲಿ ತಯಾರಾಗಿ ಮಂಗಳೂರು ಬಂದರಿಗೆ ಹೊರಟಿದ್ದವು. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಟ್ಟೆಗಳಿಗೆ ಸಾಮಾನು ಸಾಗಿಸಲೆಂದೇ ಕಟ್ಟಿದ ಕಂಟೇನರುಗಳವು. ಮುಂದೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದರಿಂದ ಸೋಮವಾರ ಮಧ್ಯಾಹ್ನದಿಂದ ಮಾರನಹಳ್ಳಿಯ ಹತ್ತಿರ ಸಾಲುಗಟ್ಟಿ ನಿಂತಿದ್ದ ಗಾಡಿಗಳಲ್ಲಿ ಅವನದೂ ಒಂದು.

“ಪೆಟ್ಟಿಗೆ ಬಾಗಿಲು ಯಾಕೆ ತೆಗೆದೆ?”

“ಎಲ್ಲೂ ಒಣಗಿದ ಜಾಗ ಇರ್ಲಿಲ್ಲ ಸಾ. ಸ್ಟವ್ ಹಚ್ಚಿ ಒಂದಿಷ್ಟು ಅನ್ನ ಮಾಡ್ಕಳನ ಅಂತ. ಖಾಲಿ ಪೆಟ್ಟಿಗೆ ಅಲ್ವಾ. ಸೀಲೂ ಹಾಕಿರ್ಲಿಲ್ಲ. ಸೂಪರ್‌ವೈಸರ್ ಬಂದಿಲ್ಲ ಅಂತ ಸೀಲ್ ಇಲ್ಲದೇನೇ ಕಳ್ಸಿದ್ರು.” ಯಲ್ಲಪ್ಪ ಮುಖ ಮುಚ್ಚಿಕೊಂಡ. “ಆ ಸೂಪರ್‌ವೈಸರೇ ಒಳಗಿರದು ಸಾ.”

ಒಂಬತ್ತೂವರೆಗೆ ಧರ್ಮಪ್ಪ, ಹೆಡ್ ಕಾನ್‌ಸ್ಟೇಬಲ್ ಭೂತಯ್ಯ ಮತ್ತು ಇಬ್ಬರು ಪೇದೆಗಳು ಸ್ಥಳದಲ್ಲಿದ್ದರು. ರಸ್ತೆ ಬದಿಯಲ್ಲಿ ಹೋಟೆಲು ಇಟ್ಟಿದ್ದ ಸುಲೋಚನಮ್ಮ ಮತ್ತು ಇನ್ನೊಬ್ಬ ಲಾರಿಯವನನ್ನು ಪಂಚರನ್ನಾಗಿ ಕರೆದು ಪಂಚನಾಮೆ ಶುರು ಮಾಡಿದರು. ಪೆಟ್ಟಿಗೆಯ ನಂಬರು 163. ಉದ್ದ ಅಗಲ ಆರಾರು ಅಡಿ, ಎತ್ತರ ಏಳಡಿ. ಹಳದಿ ಬಣ್ಣ. ಮೇಲಿನ ನಾಲ್ಕು ಮೂಲೆಗಳಲ್ಲಿ ಕ್ರೇನಿನ ಚೈನು ಸಿಕ್ಕಿಸಲು ದಪ್ಪ ತಗಡಿನ ನಾಲ್ಕು ಕಿವಿಗಳು. ಬಾಗಿಲಿನ ಸುತ್ತ ಉಪ್ಪುನೀರು ಒಳಗಿಳಿಯದ ಹಾಗೆ ರಬ್ಬರು. ಹೊರಗಿನಿಂದ ಎರಡು ಸರಳು ಎಳೆದು ಹಿಡಿ ಕೆಳಗೊತ್ತಿದರೆ ಒಂದು ಉಸಿರು ಗಾಳಿಯೂ ಆಡುವುದಿಲ್ಲ. ಒಳಗಡೆಯಿಂದ ತೆರೆಯಲು ಏನೂ ಇಲ್ಲ.

“ಗಾಳಿಗೆ ಬಾಗ್ಲು ಮುಚ್ಕಂಡಿರಬೌದಾ ಸಾ?” ಎಂದ ಭೂತಯ್ಯ.

ಧರ್ಮಪ್ಪ ಯಲ್ಲಪ್ಪನ ಕಡೆ ತಿರುಗಿದರು. “ನೀನು ತೆಗೆಯೋವಾಗ ಸರಳು ಹೇಗಿತ್ತು?”

“ಎರಡೂ ಬಿಗಿಯಾಗಿದ್ವು ಸಾ. ಪಿನ್ನೂ ಹಾಕಿತ್ತು.”

ಗಾಳಿ ಪಿನ್ನು ಹಾಕುವುದಿಲ್ಲ. ಧರ್ಮಪ್ಪ ತಲೆ ಬಗ್ಗಿಸಿ ಒಳಗೆ ಕಾಲಿಟ್ಟರು.

ಸತ್ತವನು ಬಸವರಾಜು, ವಯಸ್ಸು ಮೂವತ್ತನಾಲ್ಕು, ಬೆಳಗೋಡಿನವನು. ಬಾಗಿಲ ಸಂದಿಗೆ ಮುಖ ಒತ್ತಿಕೊಂಡು ಮಗ್ಗುಲಾಗಿ ಬಿದ್ದಿದ್ದ. ಬಲಗೈಯಲ್ಲಿ ವೆಲ್ಡಿಂಗಿನ ಹೊಟ್ಟು ಕೆರೆಯುವ ಸಣ್ಣ ಸುತ್ತಿಗೆ. ಬಾಗಿಲ ಒಳಮೈಯಲ್ಲಿ ಬಣ್ಣ ಎದ್ದು ನೂರಾರು ತಗ್ಗುಗಳು. ಆರಿಹೋದ ಟಾರ್ಚು ಮೂಲೆಯಲ್ಲಿತ್ತು. ಅವನ ಮೈಮೇಲೆ ಪೆಟ್ಟಿನ ಗುರುತು ಒಂದೂ ಇರಲಿಲ್ಲ, ಬೆರಳ ತುದಿಗಳನ್ನು ಬಿಟ್ಟರೆ.

“ಸಾ, ಇಲ್ನೋಡಿ,” ಎಂದು ಭೂತಯ್ಯ ಎಡಗಡೆಯ ಗೋಡೆಗೆ ಬೆಳಕು ಬಿಟ್ಟ.

ಉಕ್ಕಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದದ್ದು. ಕತ್ತಲಲ್ಲಿ ಬರೆದದ್ದರಿಂದ ಅಕ್ಷರದ ಮೇಲೆ ಅಕ್ಷರ ಹತ್ತಿತ್ತು. ‘117 ಎತ್ತಿಸಿ ನೋಡಿಲ್ಲ. ನಿಜ. ತಪ್ಪಾಯ್ತು. ಬಾಗ್ಲು ತೆಗೀರಣ್ಣ.’ ಕೊನೆಯ ಮಾತನ್ನು ಮತ್ತೆ ಮೂರು ಸಲ ಬರೆದಿದ್ದ. ಒಂದೊಂದು ಸಲಕ್ಕೂ ಸಾಲು ಕೆಳಗೆ ಕೆಳಗೆ ಇಳಿದಿತ್ತು. ಕಡೆಯದು ನೆಲದಿಂದ ಗೇಣುದ್ದ ಮೇಲಿತ್ತು.

ಹೊರಗೆ ನಿಂತಿದ್ದ ಸುಲೋಚನಮ್ಮ ಪಂಚನಾಮೆಗೆ ರುಜು ಹಾಕುವಾಗ ಕೇಳಿದಳು: “ಎಷ್ಟೊತ್ತು ಜೀವ ಹಿಡ್ಕಂಡಿದ್ನೋ ಸ್ವಾಮಿ?”

ಅದೇ ಪ್ರಶ್ನೆಗೆ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಉತ್ತರ ಕೊಟ್ಟರು. ಉಸಿರುಕಟ್ಟಿ ಸಾವು, ಭಾನುವಾರ ಮಧ್ಯಾಹ್ನದಿಂದ ರಾತ್ರಿಯೊಳಗೆ. ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಒಬ್ಬ ಮನುಷ್ಯ ಹೆಚ್ಚೆಂದರೆ ಒಂದು ದಿನ ಬದುಕಬಹುದು. ಬಡಿದಾಡಿ ಕೂಗಾಡಿದರೆ ಅಷ್ಟೂ ಇಲ್ಲ. ಅಂದರೆ ಶನಿವಾರ ಸಂಜೆಯ ಹೊತ್ತಿಗೆ ಬಾಗಿಲು ಮುಚ್ಚಿದೆ. ಸೋಮವಾರ ಬೆಳಿಗ್ಗೆ ಟ್ರೈಲರಿಗೆ ಏರಿದ್ದು ಹೆಣ.

ಎಫ್.ಐ.ಆರ್. ದಾಖಲಾಯಿತು. ಕಲಂ 302, ಆರೋಪಿ ಅಪರಿಚಿತ.

ಸಂಜೆ ಐದಕ್ಕೆ ಶವಾಗಾರದ ಹೊರಗಿನ ಬೆಂಚಿನಲ್ಲಿ ಬಸವರಾಜುವಿನ ಹೆಂಡತಿ ಪುಷ್ಪಾ ಕೂತಿದ್ದಳು. ಅತ್ತು ಮುಗಿದಿತ್ತು. ಧರ್ಮಪ್ಪ ಎದುರಿಗೆ ನಿಂತುಕೊಂಡೇ ಕೇಳಿದರು.

“ಶನಿವಾರ ಮನೆಗೆ ಬರದಿದ್ದಾಗ ಯಾರಿಗೂ ಹೇಳಲಿಲ್ವೇನಮ್ಮ?”

“ಲೋಡು ಹೊರಡೋ ವಾರ ಅಲ್ಲೇ ಮಲಗ್ತಿದ್ರು ಸಾರ್. ಸೋಮವಾರನೂ ಬರ್ಲಿಲ್ಲ, ಆಗ ಗಾಬರಿ ಆಯ್ತು.”

“117 ಅಂದ್ರೇನು, ಗೊತ್ತಾ?”

ಅವಳು ತಟ್ಟನೆ ತಲೆಯೆತ್ತಿದಳು. “ಪೆಟ್ಟಿಗೆ ನಂಬರ್ರು. ಸಮುದ್ರದಲ್ಲಿ ಅದರ ಕಿವಿ ಕಿತ್ಕಂಡು ಬಿದ್ದು ಯಾರೋ ಸತ್ರಂತೆ. ಅವತ್ತಿಂದ ಇವ್ರಿಗೆ ನಿದ್ದೆನೇ ಇರ್ಲಿಲ್ಲ. ಏನಾಯ್ತು ಅಂದ್ರೆ, ಏನಿಲ್ಲ ಸುಮ್ನೆ ಮಲ್ಕೋ ಅನ್ನೋರು.”

“ಯಾರು ಸತ್ತಿದ್ದು?”

“ಅದ ಹೇಳ್ಳಿಲ್ಲ ಸಾರ್. ಎಷ್ಟು ಕೇಳಿದ್ರೂ ಹೇಳ್ಳಿಲ್ಲ.”

ರಾತ್ರಿ ಠಾಣೆಯಲ್ಲಿ ಧರ್ಮಪ್ಪ ಗೋಡೆಯ ಬರಹದ ಫೋಟೋ ಮುಂದಿಟ್ಟುಕೊಂಡರು. “ಭೂತಯ್ಯ, ಅವನು ಸೂಪರ್‌ವೈಸರು. ಕೆಲಸಗಾರರಿಗೆ ‘ತೆಗೀರಣ್ಣ’ ಅಂತಾನಾ?”

“ಪ್ರಾಣಕ್ಕೆ ಬಂದಾಗ ಯಾರನ್ನಾದ್ರೂ ಅಣ್ಣ ಅಂತಾರೆ ಸಾ.”

“ಅಣ್ಣ ಅಂತಾರೆ, ಸರಿ. ಆದ್ರೆ ಉಸಿರು ಹೋಗ್ತಿರುವಾಗ ‘ತೆಗಿ’ ಅನ್ನದೆ ‘ತೆಗೀರಿ’ ಅಂತ ಬರೀಬೇಕಾದ್ರೆ ಅದು ಬಾಯಿಗೆ ರೂಢಿ ಆಗಿರಬೇಕು. ಹೊರಗೆ ಯಾರಿದ್ರು ಅಂತ ಅವನಿಗೆ ಗೊತ್ತಿತ್ತು.”

ಬುಧವಾರ ಬೆಳಿಗ್ಗೆ ಹತ್ತಕ್ಕೆ, ಆಲೂರು ಠಾಣೆಗೆ ತಿಳಿಸಿ, ಅವರು ಶೆಡ್ಡಿಗೆ ಹೋದರು. ಹದಿನೆಂಟು ಜನ ಕೆಲಸಗಾರರು ಕೆಲಸ ನಿಲ್ಲಿಸಿ ಗುಂಪಾಗಿ ನಿಂತಿದ್ದರು. ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದಾಗ ಎಲ್ಲರದ್ದೂ ಒಂದೇ ಉತ್ತರ: ಶನಿವಾರ ಐದಕ್ಕೆ ಗಂಟೆ ಹೊಡೆಯಿತು, ಕೈ ತೊಳೆದು ಹೋದೆವು. ಕಸ ಹೊಡೆದು, ಪೆಟ್ಟಿಗೆಗಳ ಮೇಲೆ ನಂಬರು ಬರೆಯುತ್ತಿದ್ದ ಗಂಗಾಮಣಿ ಮಾತ್ರ ಎದುರಿಗೆ ಕೂತು ಸೆರಗಿನ ತುದಿಯನ್ನು ಸುತ್ತುತ್ತಲೇ ಇದ್ದಳು.

“ಬಸವರಾಜು ಇಲ್ಲಿ ಯಾರನ್ನ ಅಣ್ಣ ಅಂತಿದ್ದ?”

“ಯಾರನ್ನೂ ಅಂತಿರ್ಲಿಲ್ಲ ಕಣ್ ಸಾ. ಎಲ್ರುನೂ ಹೋಗೋ ಬಾರೋನೇ. ಸಿದ್ದಬಸಪ್ಪಣ್ಣಂಗೆ ಮಾತ್ರ ಬನ್ನಿ, ಹೋಗಿ. ಇವ್ನಿಗೆ ವೆಲ್ಡಿಂಗ್ ಕಲ್ಸಿದ್ದೇ ಅವ್ರಲ್ವಾ.” ಹೇಳಿದ ಮೇಲೆ ಅವಳಿಗೇ ಭಯವಾಯಿತು. “ಅವ್ರು ದೇವ್ರಂಥೋರು ಸಾ. ನಾನೇನೂ ಹೇಳ್ಳಿಲ್ಲ.”

“ಇವತ್ತು ಬಂದಿದ್ದಾರಾ?”

“ಇಲ್ಲ. ಸೋಮವಾರ ಬಂದಿದ್ರು. ಲೋಡು ಮಾಡೋವಾಗ ಆ ಪೆಟ್ಟಿಗೆ ಕಿವಿಗೆ ಚೈನು ಸಿಕ್ಸಿದ್ದೇ ಅವ್ರು. ಸಿಕ್ಸಿ ಕೆಳಗಿಳಿದು ಒಂದು ಮಾತೂ ಆಡ್ದೆ ಮನೆಗೆ ಹೋಗ್ಬುಟ್ರು.”

ಗೇಟಿನ ಪುಸ್ತಕ ತರಿಸಿದರು. ರಜಾದಿನವಾದ ಭಾನುವಾರದ ಪುಟದಲ್ಲಿ ಇದ್ದದ್ದು ಒಂದೇ ಹೆಸರು: ಸಿದ್ದಬಸಪ್ಪ, ಒಳಗೆ 10.05, ಹೊರಗೆ 10.50. ಊಟದ ಡಬ್ಬಿ ಮರೆತಿದ್ದೇನೆ ಎಂದಿದ್ದನಂತೆ. ತಗಡಿನ ಮೇಲೆ ಮಳೆ ಸುರಿಯುತ್ತಿದ್ದರಿಂದ ತನಗೆ ಬೇರೇನೂ ಕೇಳಿಸಲಿಲ್ಲ ಎಂದು ಕಾವಲುಗಾರ ಹೇಳಿಕೆ ಕೊಟ್ಟ.

ಭೂತಯ್ಯ ಆಗಲೇ ಜೀಪಿನ ಕಡೆ ನೋಡುತ್ತಿದ್ದ. ಧರ್ಮಪ್ಪ ಅವನನ್ನು ತಡೆದರು. ಒಂದು ಕರೆಯುವ ರೂಢಿ, ಮುಕ್ಕಾಲು ಗಂಟೆಯ ಒಂದು ನಮೂದು: ಇಷ್ಟನ್ನೇ ಹಿಡಿದು ಐವತ್ತೆರಡು ವರ್ಷದ ಮನುಷ್ಯನ ಕೈಗೆ ಕೋಳ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಮೊದಲು 117 ಏನೆಂದು ತಿಳಿಯಬೇಕಿತ್ತು.

ಮಾಲೀಕ ಫೈಲು ತೆಗೆಯಲು ಹಿಂದೆಮುಂದೆ ನೋಡಿದ. ನೋಟಿಸು ಕೊಡುತ್ತೇನೆ ಎಂದು ಧರ್ಮಪ್ಪ ಹೇಳಿದ ಮೇಲೆ ಬೀರು ತೆರೆದ. ಇಂಥ ಪ್ರತಿಯೊಂದು ಪೆಟ್ಟಿಗೆಗೂ ಕಳಿಸುವ ಮುಂಚೆ ಒಂದು ಪರೀಕ್ಷೆ ಆಗಬೇಕು. ಹೊರಬೇಕಾದದ್ದರ ಎರಡೂವರೆ ಪಟ್ಟು ಭಾರ ತುಂಬಿ ಕ್ರೇನಿನಲ್ಲಿ ಎತ್ತಿ ಹಿಡಿದು, ಇಳಿಸಿದ ಮೇಲೆ ಕಿವಿಗಳ ಬೆಸುಗೆ ಬಿಟ್ಟಿದೆಯೇ ಎಂದು ನೋಡಬೇಕು. 117ರ ಸರ್ಟಿಫಿಕೇಟಿನಲ್ಲಿ ಪರೀಕ್ಷೆಯ ದಿನಾಂಕ 12-8-2003. ಕೆಳಗೆ ಬಸವರಾಜುವಿನ ರುಜು.

“ಪರೀಕ್ಷೆ ನಡೆದಿದ್ದನ್ನ ನೀವು ನೋಡಿದ್ರಾ?”

“ನಾನು ಅವತ್ತು ಇರಲಿಲ್ಲ ಸಾರ್. ಹಡಗು ಕಾಯ್ತಾ ಇತ್ತು, ಬೇಗ ಕಳಿಸು ಅಂದಿದ್ದೆ. ಅಷ್ಟೇ.”

“ಪೆಟ್ಟಿಗೆ ಬಿದ್ದು ಸತ್ತವನು ಯಾರು?”

“ಯಾರೋ ಕೆಲಸದವನು ಸಾರ್.”

ಧರ್ಮಪ್ಪ ಫೈಲಿನ ಹಾಳೆ ತಿರುವಿದರು. ಎಣ್ಣೆ ಕಂಪನಿಯ ಇಂಗ್ಲಿಷ್ ಪತ್ರದ ನಕಲು ಕೊನೆಯಲ್ಲಿತ್ತು. 9-3-2004ರಂದು, ಮುಂಬೈಯಿಂದಾಚೆ ಸಮುದ್ರದಲ್ಲಿ, ಹಡಗಿನಿಂದ ಕಟ್ಟೆಗೆ ಎತ್ತುವಾಗ 117 ಬಿದ್ದಿತು. ಸ್ಥಳದಲ್ಲೇ ಸತ್ತವನು ಮಹೇಶ್, ವಯಸ್ಸು ಇಪ್ಪತ್ತೊಂಬತ್ತು. ಊರು ಆಲೂರು ತಾಲ್ಲೂಕು ಕಲ್ಲಾರೆಹಳ್ಳಿ. ಮನೆಯವರ ವಿಳಾಸದಲ್ಲಿ ಹೀಗಿತ್ತು: ಹೆಂಡತಿ ರಶ್ಮಿತಾ, ಮಾವ ಸಿದ್ದಬಸಪ್ಪ.

ಮಾಲೀಕ ಕಿಟಕಿಯ ಕಡೆ ನೋಡುತ್ತಿದ್ದ.

ಗುರುವಾರ ಬೆಳಿಗ್ಗೆ ಭೂತಯ್ಯ ಹಾಸನಕ್ಕೆ ಹೋಗಿ, ಶೆಡ್ಡಿನವರು ಪರೀಕ್ಷೆಗೆ ತರಿಸುತ್ತಿದ್ದ ಬಾಡಿಗೆ ಕ್ರೇನಿನ ಲಾಗ್ ಪುಸ್ತಕ ನೋಡಿ ಬಂದ. 2003ರ ಆಗಸ್ಟ್ 8ರಿಂದ 19ರವರೆಗೆ ಆ ಕ್ರೇನು ಅರಸೀಕೆರೆಯ ಸೇತುವೆ ಕೆಲಸದಲ್ಲಿತ್ತು. ಆಲೂರಿಗೆ ಬಂದೇ ಇರಲಿಲ್ಲ. ಆ ವಾರ ಶೆಡ್ಡಿನಿಂದ ಹೊರಟ ಪೆಟ್ಟಿಗೆಗಳು ಆರು, 114ರಿಂದ 119. ಆರಕ್ಕೂ ಸರ್ಟಿಫಿಕೇಟು ಇತ್ತು. ಒಂದನ್ನೂ ಎತ್ತಿ ನೋಡಿರಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಜೀಪು ಕಲ್ಲಾರೆಹಳ್ಳಿಯ ಹಂಚಿನ ಮನೆಯೊಂದರ ಮುಂದೆ ನಿಂತಿತು. ಮಳೆ ಬಿಟ್ಟು ಹೊಳವಾಗಿತ್ತು. ಜಗುಲಿಯ ಮೇಲೆ ಸಿದ್ದಬಸಪ್ಪ ಮೂರು ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಉಗುರು ಕತ್ತರಿಸುತ್ತಿದ್ದ. ಕಿಡಿ ಹಾರಿ ಸುಟ್ಟ ಕಲೆಗಳಿಂದ ತುಂಬಿದ ಕೈಗಳು. ಆದರೂ ಬ್ಲೇಡು ಒಂದು ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ.

“ಬಸವರಾಜು ವಿಷಯಕ್ಕೆ ಬಂದಿದ್ದೀವಿ,” ಎಂದರು ಧರ್ಮಪ್ಪ.

“ಗೊತ್ತು ಸ್ವಾಮಿ. ಇನ್ನೊಂದು ಕೈ ಐತೆ. ಆಗೋಗ್ಲಿ.”

ಭೂತಯ್ಯ ಮುಂದೆ ಹೆಜ್ಜೆಯಿಟ್ಟ. ಧರ್ಮಪ್ಪ ಕಣ್ಣಲ್ಲೇ ಬೇಡ ಎಂದರು. ಐದು ಉಗುರು ಮುಗಿಯುವವರೆಗೆ ನಾಲ್ಕು ಜನ ಪೊಲೀಸರು ಅಂಗಳದಲ್ಲಿ ನಿಂತಿದ್ದರು. ಸಿದ್ದಬಸಪ್ಪ ಮಗುವಿನ ಕೈ ಒರೆಸಿ, “ಮೋನಿಕಾ, ಒಳಗೆ ಅಮ್ಮನ ತಾವ ಹೋಗವ್ವ,” ಎಂದ. ಅದು ಒಳಗೆ ಓಡಿದ ಮೇಲೆ ಎದ್ದು ನಿಂತ.

“ಶನಿವಾರ ಸಂಜೆ ಏನಾಯ್ತು?”

“ಎಲ್ಲಾರೂ ಹೋದ್ಮೇಲೆ ಕರೆದೆ. ಒಳಗಡೆ ಮೂಲೆ ಬೆಸುಗೆ ಯಾಕೋ ಸರಿಯಿಲ್ಲ, ನೋಡು ಬಾ ಅಂದೆ. ಟಾರ್ಚು ಹಿಡ್ಕಂಡು ಒಳಗೆ ಹೋದ. ಬಾಗ್ಲು ಹಾಕ್ದೆ.”

“ಸಾಯಿಸೋಕಾ?”

“ಅವತ್ತು ಅಲ್ಲ.” ಅವನು ಕೈಯಲ್ಲಿದ್ದ ಬ್ಲೇಡನ್ನು ಜಗುಲಿಯ ಅಂಚಿಗಿಟ್ಟ. “ನಿಜ ಹೇಳು, ತೆಗಿತೀನಿ ಅಂದೆ. 117ನ್ನ ಎತ್ಸಿ ನೋಡಿದ್ಯಾ ಅಂತ ಕೇಳ್ದೆ. ನೋಡಿದ್ದೆ ಕಣಣ್ಣ, ನಿಮ್ ಬೆಸುಗೆ ಕಲ್ಲಿನಂಗಿತ್ತು ಅಂದ. ನಾಕು ತಿಂಗಳಿಂದ ಅದೇ ಹೇಳ್ತಿದ್ದ ಸ್ವಾಮಿ. ಸರಿ, ಯೋಚ್ನೆ ಮಾಡು ಅಂದು ಮನೆಗೆ ಬಂದೆ.”

“ಆ ಬೆಸುಗೆ ಹಾಕಿದ್ದು ಯಾರು?”

“ನಾನೇ.”

ಒಳಬಾಗಿಲಲ್ಲಿ ಮಗಳು ರಶ್ಮಿತಾ ಬಂದು ನಿಂತಿದ್ದಳು. ಅವನು ಅವಳ ಕಡೆ ನೋಡಲಿಲ್ಲ.

“ಆಗ ಜೋರು ಮಳೆ. ಮೂರು ದಿನ ಕರೆಂಟಿಲ್ಲ. ವೆಲ್ಡಿಂಗ್ ಕಡ್ಡಿನ ಒಲೆಲಿ ಬಿಸಿ ಮಾಡ್ದೆ ಹಾಕ್ಬಾರ್ದು. ಥಂಡಿ ಕಡ್ಡಿ ಹಾಕುದ್ರೆ ಒಳಗೆ ಗುಳ್ಳೆ ಕೂತ್ಕತವೆ, ಮೇಲೆ ಕಾಣಲ್ಲ. ಜನರೇಟ್ರಲ್ಲಿ ಮಿಶನ್ ಓಡ್ಸಿದ್ರು, ಒಲೆ ಹಚ್ಚಲಿಲ್ಲ. ನಾನು ಬಸವರಾಜುಗೆ ಹೇಳ್ದೆ, ಇದು ನಂಗೆ ನಂಬಿಕೆ ಇಲ್ಲ, ಎತ್ಸಿ ನೋಡು, ಬಿಟ್ರೆ ಕತ್ತರ್ಸಿ ಹೊಸದು ಹಾಕ್ತೀನಿ ಅಂತ. ಹೂಂ ಅಂದ. ಆಮೇಲೆ ಪಾಸಾಯ್ತು ಕಣಣ್ಣ ಅಂದ. ನಂಬುದೆ.”

ಮಹೇಶನಿಗೆ ಸಮುದ್ರದ ಕೆಲಸ ಹುಡುಕಿಕೊಟ್ಟವನೂ ಸಿದ್ದಬಸಪ್ಪನೇ. ಶೆಡ್ಡಿಗೆ ಬರುತ್ತಿದ್ದ ಕಂಪನಿಯ ಎಂಜಿನಿಯರನ್ನು ಕಾಡಿಬೇಡಿ ಸೇರಿಸಿದ್ದ. ಮಾರ್ಚ್ ಮೊದಲ ವಾರ ಅಳಿಯ ಅಲ್ಲಿಂದ ಫೋನು ಮಾಡಿ, ಮಾವ, ನಿಮ್ಮ ಶೆಡ್ಡಿನ ಪೆಟ್ಟಿಗೆ ನಮ್ಮ ಹಡಗಿಗೆ ಬಂದೈತೆ, ನೋಡಿ ಊರಿನೋರು ಸಿಕ್ಕಿದಂಗಾಯ್ತು ಎಂದಿದ್ದ. ಅದಾಗಿ ನಾಲ್ಕು ದಿನಕ್ಕೆ ಸಾವಿನ ಸುದ್ದಿ.

“ಕಾಗದ ಬಂತು, ಇಂಗ್ಲಿಷು. ಈ ಮನೇಲಿ ಯಾರಿಗೂ ಬರಲ್ಲ. ಬಸವರಾಜುನ್ನೇ ಕರೆದು ಓದ್ಸಿದೆ. ಚೈನು ತುಂಡಾಯ್ತಂತೆ ಕಣಣ್ಣ, ಪೆಟ್ಟಿಗೆದು ತಪ್ಪಿಲ್ಲ ಅಂತ ಓದಿ ಹೇಳ್ದ. ನನ್ ಎದುರಿಗೇ ಅತ್ತ. ನಾನೇ ಅವನಿಗೆ ನೀರು ಕೊಟ್ಟೆ.” ಸಿದ್ದಬಸಪ್ಪ ಅಂಗೈಗಳನ್ನು ಒಂದಕ್ಕೊಂದು ಉಜ್ಜಿದ. “ಆಮೇಲೆ ಒಂದಿನ ಸುಮ್ನೆ ಆ ಕಾಗದ ನೋಡ್ತಾ ಕೂತಿದ್ದೆ. ನಂಗೆ ಇಂಗ್ಲಿಷಲ್ಲಿ ಒಂದೇ ಒಂದು ಪದ ಓದಕ್ಕೆ ಬತ್ತದೆ ಸ್ವಾಮಿ. ವೆಲ್ಡು. ಕಡ್ಡಿ ಡಬ್ಬದ ಮೇಲೆ ಮೂವತ್ತು ವರ್ಷದಿಂದ ನೋಡಿದೀನಿ. ಆ ಕಾಗದದಲ್ಲಿ 117 ಅಂತ ಇತ್ತು. ಅದರ ಕೆಳಗೆ ಮೂರು ಕಡೆ ವೆಲ್ಡು ಅಂತ ಇತ್ತು.”

“ಭಾನುವಾರ ನೀನು ಮತ್ತೆ ಹೋದೆ. ಅಲ್ವಾ?”

“ಹೋದೆ. ಕಿವಿ ಕೊಟ್ಟು ಕೇಳ್ದೆ. ಮೊದ್ಲಿನ ಸ್ವರ ಇರ್ಲಿಲ್ಲ. ಎತ್ಸಿಲ್ಲ ಕಣಣ್ಣ, ನಿಜ, ಬರ್ದಿಟ್ಟಿದೀನಿ, ತಪ್ಪಾಯ್ತು, ತೆಗೀರಣ್ಣ ಅಂದ.”

“ನಿನಗೆ ಬೇಕಾಗಿದ್ದು ಅಷ್ಟೇ ಅಲ್ವಾ? ಆಗ ಯಾಕೆ ತೆಗೀಲಿಲ್ಲ?”

ಒಳಗೆ ಮಗು ಅಮ್ಮನನ್ನು ಕರೆಯುತ್ತಿತ್ತು.

“ಹಿಡಿ ಮೇಲೆ ಕೈ ಇಟ್ಟೆ ಸ್ವಾಮಿ. ಇಟ್ಟು ನಿಂತೇ ಇದ್ದೆ. ಎತ್ತಲಿಲ್ಲ. ಒಳಗೆ ಅವನು ಬಡಿಯೋದು ನಿಲ್ಸಿದ, ಆಗ ತೆಗೆದು ಏನು ಹೇಳ್ಲಿ ಅನ್ನುಸ್ತು. ಹೊರಟು ಬಂದ್ಬುಟ್ಟೆ.”

ಸಂಜೆ ನಾಲ್ಕು ನಲವತ್ತಕ್ಕೆ ಆರೋಪಿಯ ದಸ್ತಗಿರಿ ಎಂದು ಭೂತಯ್ಯ ಗಡಿಯಾರ ನೋಡಿ ಬರೆದುಕೊಂಡ. ಜೀಪು ಹತ್ತುವ ಮುಂಚೆ ಸಿದ್ದಬಸಪ್ಪ ಒಳಗಿನಿಂದ ಮಡಿಚಿದ ಕಾಗದವೊಂದನ್ನು ತರಿಸಿ ಧರ್ಮಪ್ಪನವರ ಕೈಗೆ ಕೊಟ್ಟ.

“ನೀವು ಓದಿ ಸ್ವಾಮಿ. ಇರೋದನ್ನ ಇದ್ದಂಗೆ ಓದಿ.”

ಧರ್ಮಪ್ಪ ಜಗುಲಿಯ ತುದಿಯಲ್ಲಿ ಕೂತು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದರು. ಚೈನಿಗೆ ಏನೂ ಆಗಿರಲಿಲ್ಲ. ಪೆಟ್ಟಿಗೆಯ ಒಂದು ಕಿವಿಯ ಬೆಸುಗೆ ಬಿಟ್ಟುಕೊಂಡಿತು. ಬೆಸುಗೆಯೊಳಗೆ ಗುಳ್ಳೆಗಳಿದ್ದವು. ಕ್ರಮಪ್ರಕಾರ ಎತ್ತಿ ಪರೀಕ್ಷಿಸಿದ್ದರೆ ಈ ದೋಷ ಅಲ್ಲೇ ಗೊತ್ತಾಗುತ್ತಿತ್ತು. ಮೃತನದು ಯಾವ ತಪ್ಪೂ ಇಲ್ಲ. ರಶ್ಮಿತಾ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಗಂಡ ಹೇಗೆ ಸತ್ತನೆಂಬುದು ಅವಳಿಗೆ ಸರಿಯಾಗಿ ತಿಳಿದದ್ದು ಆವತ್ತೇ. ಬೆಸೆದ ಕೈ ಯಾರದೆಂಬುದನ್ನೂ ಅವಳು ಅರ್ಧ ಗಂಟೆಯ ಹಿಂದಷ್ಟೇ ಕೇಳಿದ್ದಳು. ಅಪ್ಪನ ಹತ್ತಿರ ಬರಲಿಲ್ಲ. ಒಳಗೂ ಹೋಗಲಿಲ್ಲ.

ಠಾಣೆಯಲ್ಲಿ ಹೇಳಿಕೆಗೆ ಹೆಬ್ಬೆರಳಿನ ಗುರುತು ಒತ್ತಿದ ಮೇಲೆ ಸಿದ್ದಬಸಪ್ಪ ಕೇಳಿಕೊಂಡದ್ದು ಒಂದೇ. “114ರಿಂದ 119 ಸ್ವಾಮಿ, ಎಲ್ಲಾ ಅದೇ ಮಳೆ ವಾರದ್ದು. 117 ಹೋಯ್ತು. ಉಳಿದ ಐದು ಅಲ್ಲೇ ಅವೆ. ದಿನಾ ಎತ್ತುತಾರೆ. ಎತ್ಬ್ಯಾಡಿ ಅಂತ ಹೇಳಿ. ಕೆಳಗೆ ಜನ ಇರ್ತಾರೆ.”

ಧರ್ಮಪ್ಪ ಅಂದೇ ಕಂಪನಿಗೆ ಫ್ಯಾಕ್ಸು ಕಳಿಸಿದರು. ಸುಳ್ಳು ಸರ್ಟಿಫಿಕೇಟಿನ ಬಗ್ಗೆ ಮಾಲೀಕನ ಮೇಲೆ ಬೇರೆಯೇ ಪ್ರಕರಣ ದಾಖಲಿಸಿದರು. ದೋಷಾರೋಪಣ ಪಟ್ಟಿಯಲ್ಲಿ ಕೊಲೆಯ ಉದ್ದೇಶ ಬರೆಯಬೇಕಾದ ಕಡೆ ‘ಅಳಿಯನ ಸಾವಿನ ದ್ವೇಷ’ ಎಂದು ಭೂತಯ್ಯ ಬರೆದಿದ್ದ. ಅದನ್ನು ಹಾಗೇ ಬಿಟ್ಟರು. ಅದು ಸುಳ್ಳಾಗಿರಲಿಲ್ಲ. ಆದರೆ ಆ ಮನುಷ್ಯನನ್ನು ನಾಲ್ಕು ತಿಂಗಳು ಸುಟ್ಟದ್ದು ದ್ವೇಷಕ್ಕಿಂತ ಹೆಚ್ಚಾಗಿ ಅವನ ಸ್ವಂತ ಕೈಗಳೆಂದು ಅವರಿಗೆ ಅನ್ನಿಸಿತ್ತು. ತನ್ನ ಬೆಸುಗೆಯನ್ನು ಯಾರೂ ಪರೀಕ್ಷಿಸಿರಲಿಲ್ಲ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಭಾರ ಅರ್ಧವಾದರೂ ಇಳಿದೀತೆಂದು ಅವನು ಕಾದಿದ್ದ. ಆ ಮಾತು ಬಂತು. ಭಾರ ಇಳಿಯಲಿಲ್ಲ. ಇದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಆಗಸ್ಟ್ ಹನ್ನೊಂದಕ್ಕೆ ಕಂಪನಿಯ ಉತ್ತರ ಬಂತು. ಮರುವಾರ ಕೋರ್ಟಿನ ಕೆಲಸಕ್ಕೆ ಹಾಸನಕ್ಕೆ ಹೋದ ಧರ್ಮಪ್ಪ ಜೈಲಿಗೂ ಹೋದರು. ಸಿದ್ದಬಸಪ್ಪ ಸರಳಿನಾಚೆ ಬಂದು ಕೈ ಮುಗಿದ. ಸೊರಗಿದ್ದ.

“ಐದೂ ಪೆಟ್ಟಿಗೆ ಇಳಿಸಿ ಪಕ್ಕಕ್ಕಿಟ್ಟಿದ್ದಾರೆ. ಎರಡರ ಕಿವಿಯಲ್ಲಿ ಬಿರುಕು ಸಿಕ್ಕಿದೆ.”

“ಯಾವ್ಯಾವ್ದು?”

“115, 118.”

“ಅವೂ ನನ್ನ ಕೈಯವೇ.” ಅವನು ಸರಳು ಹಿಡಿದುಕೊಂಡ. “ಯಾರಿಗಾದ್ರೂ ಏನಾದ್ರೂ…?”

“ಯಾರಿಗೂ ಏನೂ ಆಗಿಲ್ಲ.”

ಸಿದ್ದಬಸಪ್ಪ ತಲೆಯಾಡಿಸಿದ. ವಾರ್ಡನ್ ಹೊತ್ತಾಯಿತೆಂದು ಬೀಗದಕೈ ಗೊಂಚಲು ಅಲ್ಲಾಡಿಸಿದ. ಹಿಂದಕ್ಕೆ ತಿರುಗಿದವನು ಮತ್ತೆ ನಿಂತ.

“ಬಸವರಾಜು ಕೆಲ್ಸಕ್ಕೆ ಸೇರ್ದಾಗ ಕಣ್ಣಿಗೆ ಕನ್ನಡಕ ಇಲ್ದೆ ಕಿಡಿ ನೋಡ್ಬುಟ್ಟು ರಾತ್ರಿಯೆಲ್ಲ ಅಳ್ತಿದ್ದ ಸ್ವಾಮಿ,” ಎಂದ. “ನಾನೇ ಕಣ್ಣಿಗೆ ಹಾಲು ಬಿಟ್ಟು ಪಕ್ಕದಲ್ಲಿ ಕೂತಿದ್ದೆ.”

ಉತ್ತರಕ್ಕೆ ಕಾಯದೆ ಒಳಗೆ ನಡೆದ.